ಮಡಿಲ ಗಿಟಾರು ಮತ್ತು ಹಳೆಯ ಮಟ್ಟುಗಳು

ಒಂದು ವಾದ್ಯಕ್ಕೆಂದು ಹುಟ್ಟಿದ ಮಟ್ಟನ್ನು ಬೇರೊಂದು ವಾದ್ಯದ ಮೇಲೆ ನುಡಿಸಹೊರಟವನಿಗೆ ಎರಡು ದಾರಿಗಳುಂಟು. ಮೊದಲಿನ ವಾದ್ಯವು ಯಾವ ಯಾವ ಚಮತ್ಕಾರಗಳನ್ನು ತೋರಿತೋ ಅವೆಲ್ಲವನ್ನೂ ಎರಡನೆಯದರಿಂದ ಬಲವಂತವಾಗಿ ಮಾಡಿಸುವುದು ಒಂದು ದಾರಿ. ಮಟ್ಟನ್ನು ಮೊದಲು ತನ್ನ ಕಂಠದಲ್ಲಿ ಹಾಡಿಕೊಂಡು, ಅದರ ಏರಿಳಿತಗಳನ್ನೂ ನಿಲುಗಡೆಗಳನ್ನೂ ಚೆನ್ನಾಗಿ ಅರಿತು, ಬಳಿಕ ಕೈಯಲ್ಲಿರುವ ವಾದ್ಯದ ಸ್ವಭಾವಕ್ಕೆ ಒಪ್ಪುವಂತೆ ಹೊಸದಾಗಿ ನುಡಿಯುವುದು ಮತ್ತೊಂದು. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಗಾಯಕನ ನೆರವಿಲ್ಲದೆ ಗಿಟಾರೊಂದೇ ಮುಂದೆ ನಿಂತು ಮೆರೆದ ಕೃತಿಗಳು, ಅಂದರೆ ‘ಸ್ಲೀಪ್ ವಾಕ್’, ‘ಅಪಾಚೆ’, ‘ವಾಕ್, ಡೋಂಟ್ ರನ್’, ‘ಆಲ್ಬಟ್ರಾಸ್’ ಮುಂತಾದುವು, ಲ್ಯಾಪ್ ಸ್ಟೀಲ್ ಗಿಟಾರನ್ನು ಅಭ್ಯಾಸ ಮಾಡುವ ಹವ್ಯಾಸಿಗಳಿಗೆ ಬಹು ಪ್ರಿಯವಾದ ಸಾಮಗ್ರಿ. ಅವರಲ್ಲಿ ಅನೇಕರು ಹಿಡಿಯುವುದು ಮೊದಲನೆಯ ದಾರಿಯನ್ನೇ: ಪಕ್ಕವಾದ್ಯವನ್ನು ಯಂತ್ರದಲ್ಲಿ ಹಾಕಿಕೊಂಡು, ಮೂಲದ ಮುದ್ರಿಕೆಯ ಒಂದು ಸ್ವರವೂ ಕೈತಪ್ಪದಂತೆ, ಒಂದು ಮೀಟೂ ಹಿಂದುಮುಂದಾಗದಂತೆ ಅನುಕರಿಸುತ್ತಾರೆ. ಇದು ಶ್ರಮದ ಅಪವ್ಯಯವೆಂದೂ, ಈ ಮಟ್ಟುಗಳ ಮೇಲೆ ಲ್ಯಾಪ್ ಸ್ಟೀಲಿಗೆ ಇರುವ ಹಕ್ಕು ಅನುಕರಣ ಮಾಡುವವನ ಹಕ್ಕಿಗಿಂತ ಬಹಳ ದೊಡ್ಡದೆಂದೂ ನನ್ನ ಅಭಿಪ್ರಾಯ.

ವಾದ್ಯವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಸಾಮಾನ್ಯ ಗಿಟಾರನ್ನು ಎದೆಗೆ ಆನಿಸಿಕೊಂಡು, ಎಡಗೈಯ ಬೆರಳುಗಳಿಂದ ತಂತಿಯನ್ನು ಮೆಟ್ಟಿಲಿಗೆ ಒತ್ತಿ ನುಡಿಸುತ್ತಾರೆ. ಲ್ಯಾಪ್ ಸ್ಟೀಲಾದರೋ ವಾದಕನ ತೊಡೆಗಳ ಮೇಲೆ ಅಂಗಾತ ಮಲಗಿರತಕ್ಕದ್ದು. ಅದರ ತಂತಿಗಳು ಹಲಗೆಯಿಂದ ಸಾಕಷ್ಟು ಎತ್ತರದಲ್ಲಿ ನಿಂತಿರುತ್ತವೆ. ಮೆಟ್ಟಿಲುಗಳ ಸ್ಥಾನದಲ್ಲಿ ಇರುವುದು ಕಣ್ಣಿಗೆ ಗುರುತು ಕೊಡುವ ಗೆರೆಗಳು ಮಾತ್ರ. ಎಡಗೈಯಲ್ಲಿ ಹಿಡಿದ ನುಣುಪಾದ ಉಕ್ಕಿನ ತುಂಡು, ಅಂದರೆ ಬಾರ್, ತಂತಿಗಳ ಮೇಲೆ ತನ್ನ ಭಾರದಿಂದಲೇ ಕುಳಿತು ಜಾರುತ್ತದೆ. ಬಲಗೈಯ ಹೆಬ್ಬೆರಳೂ ಅದರ ಪಕ್ಕದ ಬೆರಳುಗಳೂ ಪಿಕ್‌ಗಳನ್ನು ತೊಟ್ಟು ಮೀಟುತ್ತವೆ. ನಮ್ಮ ದೇಶದಲ್ಲಿ ಹವಾಯಿಯನ್ ಗಿಟಾರ್ ಎಂದು ಹೆಸರಾದುದು ಇದೇ ಮನೆತನದ ವಾದ್ಯ. ಸಾಮಾನ್ಯ ಗಿಟಾರಿನಲ್ಲಿ ನಾಲ್ಕು ಬೆರಳುಗಳು ನಾಲ್ಕು ಮೆಟ್ಟಿಲುಗಳಲ್ಲಿ ನಾಲ್ಕು ಬಗೆಯ ಕೆಲಸ ಮಾಡಬಲ್ಲವು. ಬಾರ್ ಎಂಬುದು ಒಂದೇ ಸರಳರೇಖೆ, ಹೆಚ್ಚೆಂದರೆ ಸ್ವಲ್ಪ ಓರೆಯಾಗಿ ನಿಲ್ಲಬಲ್ಲದು, ಅಷ್ಟೆ. ಇದಕ್ಕೆ ಪ್ರತಿಯಾಗಿ ದೊರೆಯುವ ಲಾಭವೇನೆಂದರೆ, ಎರಡು ಮೆಟ್ಟಿಲುಗಳ ನಡುವಣ ಸಕಲ ಶ್ರುತಿಗಳೂ ಈ ವಾದ್ಯಕ್ಕೆ ಸ್ವಾಧೀನವಾಗಿವೆ. ವೀಣೆಯ ಪರಿಚಯವುಳ್ಳ ನಮ್ಮವರಿಗೆ ‘ಜಾರು’ ಎಂಬ ಗಮಕವನ್ನು ವಿವರಿಸಬೇಕಾದುದಿಲ್ಲ. ಲ್ಯಾಪ್ ಸ್ಟೀಲಿಗೆ ಅದು ಅಲಂಕಾರವಾಗಿರದೆ ನಡಿಗೆಯೇ ಆಗಿದೆ.

ಈ ನಡಿಗೆಯನ್ನು ಜಗತ್ತಿಗೆ ಕಲಿಸಿದವರು ಹವಾಯಿ ದ್ವೀಪಗಳ ಜನ. ಓವಾಹು ದ್ವೀಪದ ಲಾಯಿಯೆ ಎಂಬ ಊರಿನಲ್ಲಿ 1874ರಲ್ಲಿ ಹುಟ್ಟಿದ ಜೋಸೆಫ್ ಕೆಕುಕು ಎಂಬಾತನಿಗೆ ಈ ವಾದನಕ್ರಮದ ಕೀರ್ತಿಯನ್ನು ಸಾಮಾನ್ಯವಾಗಿ ಸಲ್ಲಿಸುತ್ತಾರೆ. ಬಾಲಕನಾಗಿದ್ದಾಗ ಕೈಯಲ್ಲಿದ್ದ ಲೋಹದ ಬೋಲ್ಟೊಂದು ಗಿಟಾರಿನ ತಂತಿಗೆ ತಗುಲಿ ಹೊರಟ ನಾದಕ್ಕೆ ಅವನು ಮರುಳಾದನೆಂದೂ, ಬಳಿಕ ಬಾಚಣಿಗೆಯ ಬೆನ್ನಿನಿಂದಲೂ ಚಾಕುವಿನಿಂದಲೂ ಪ್ರಯೋಗ ಮಾಡುತ್ತ, ಹೊನೊಲುಲುವಿನ ತನ್ನ ಶಾಲೆಯ ಕಮ್ಮಟದಲ್ಲಿ ಉಕ್ಕಿನ ತುಂಡೊಂದನ್ನು ಸಿದ್ಧಪಡಿಸಿಕೊಂಡನೆಂದೂ ಕಥೆಯಿದೆ. ಕಥೆಗೆ ಹಲವು ಪಾಠಾಂತರಗಳಿವೆ. ಇಂಥ ಕಥೆಗಳಿಗೆ ಪಾಠಾಂತರಗಳಿಲ್ಲದಿದ್ದರೇ ಸಂಶಯಪಡಬೇಕು. 1904ರಲ್ಲಿ ಅವನು ದ್ವೀಪವನ್ನು ಬಿಟ್ಟು ಅಮೆರಿಕದ ನಾಡಿಗೆ ಬಂದು ಊರೂರು ತಿರುಗಿ ನುಡಿಸಿದನು. 1915ರಲ್ಲಿ ಸಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಹವಾಯಿಯ ವಾದ್ಯಗೋಷ್ಠಿಗಳನ್ನು ಕೇಳಿದ ಅಮೆರಿಕನರು ಆ ನಾದದ ಹುಚ್ಚು ಹಿಡಿಸಿಕೊಂಡರು. ಅಲ್ಲಿಂದ ಮುಂದೆ ಅದು ಧ್ವನಿಮುದ್ರಿಕೆಗಳ ಮೂಲಕ ಕಡಲುಗಳನ್ನು ದಾಟಿತು.

ಗಿಟಾರಿಗೂ ವಿದ್ಯುತ್ತಿಗೂ ಸಂಬಂಧ ಬೆಳೆದುದು ಹೇಗೆಂಬುದನ್ನು ನೋಡಿದರೆ ನನ್ನ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬಾಕರ್ ಎಂಬವರು 1932ರಲ್ಲಿ ಮಾರುಕಟ್ಟೆಗೆ ತಂದ, ತನ್ನ ಆಕಾರದಿಂದಾಗಿ ‘ಫ್ರೈಯಿಂಗ್ ಪ್ಯಾನ್’ ಎಂಬ ಅಡ್ಡಹೆಸರು ಪಡೆದ ವಾದ್ಯವು, ವ್ಯಾಪಾರಕ್ಕಾಗಿ ತಯಾರಾದ ವಿದ್ಯುತ್ ಗಿಟಾರುಗಳಲ್ಲಿ ಯಶಸ್ಸು ಕಂಡ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಅದು ಲ್ಯಾಪ್ ಸ್ಟೀಲೇ. ಎದೆಗೆ ಆನಿಸಿಕೊಳ್ಳುವ ಗಿಟಾರಿಗೆ ವಿದ್ಯುತ್ತಿನ ಕೊರಳು ಬಂದು ನೆಲೆಗೊಂಡುದು ತರುವಾಯ. ಕ್ಯಾಲಿಫೋರ್ನಿಯದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದ ಲಿಯೋ ಫೆಂಡರ್, ಡಾಕ್ ಕಾಫ್‌ಮನ್ ಎಂಬ ಸಂಗಡಿಗನೊಡನೆ 1945ರ ಸುಮಾರಿಗೆ ತಯಾರಿಸತೊಡಗಿದ ಸರಕುಗಳು ಲ್ಯಾಪ್ ಸ್ಟೀಲುಗಳು ಮತ್ತು ಅವುಗಳಿಗೆ ಬೇಕಾದ ಆಂಪ್ಲಿಫೈಯರುಗಳು. ಅದೇ ಫೆಂಡರನು 1954ರಲ್ಲಿ ಹೊರತಂದ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರಿನಲ್ಲಿ, ತಂತಿಗಳೆಲ್ಲವನ್ನೂ ಒಟ್ಟಿಗೆ ಸಡಿಲಿಸಿ ಬಿಗಿಮಾಡಿ ಸ್ವರವನ್ನು ಅಲುಗಿಸಬಲ್ಲ ಒಂದು ಸಣ್ಣ ಕೀಲಿಗೋಲಿತ್ತು. ಒತ್ತಿ ನುಡಿಸುವ ಗಿಟಾರಿಗೆ ಈ ಗೋಲು ಏತಕ್ಕೆ ಬೇಕಾಯಿತು? ಸ್ಟೀಲಿನ ಬಾರ್ ತಾನೇ ತಾನಾಗಿ ಮಾಡುವ ಕಂಪನವನ್ನೂ ಇಳಿಜಾರನ್ನೂ ಆ ಗಿಟಾರೂ ಮಾಡಲೆಂಬ ಆಸೆಯೇ ಅದರ ಬೆನ್ನ ಹಿಂದಿದೆಯೆಂಬುದು ನನ್ನ ಎಣಿಕೆ.

ಆದುದರಿಂದ ಆ ಕಾಲದ ಗಿಟಾರ್ ಕೃತಿಗಳನ್ನು ಸ್ಟೀಲಿನ ಮೇಲೆ ನುಡಿಸುವವನು ಪರರ ಸೊತ್ತನ್ನು ಎರವಲು ತರುತ್ತಿದ್ದಾನೆಂದು ಭಾವಿಸುವುದು ಸರಿಯಲ್ಲ. ಈ ಎರಡು ವಾದ್ಯಗಳ ನಡುವೆ ಕೊಳುಕೊಡೆ ಮೊದಲಿಂದಲೂ ನಡೆದೇ ಇದೆ. ಕೆಂಟಕಿಯ ಲೂಯಿವಿಲ್ ನಗರದ ಸಿಲ್ವೆಸ್ಟರ್ ವೀವರ್ ಎಂಬ ಕರಿಯ ಸಂಗೀತಗಾರನು 1923ರಲ್ಲಿ ಮುದ್ರಿಸಿದ ‘ಗಿಟಾರ್ ರ‍್ಯಾಗ್’ ಎಂಬ ಮಟ್ಟು, 1936ರಲ್ಲಿ ಬಾಬ್ ವಿಲ್ಸ್‌ನ ತಂಡದ ಲಿಯಾನ್ ಮೆಕಾಲಿಫ್‌ನ ಕೈಯಲ್ಲಿ ‘ಸ್ಟೀಲ್ ಗಿಟಾರ್ ರ‍್ಯಾಗ್’ ಆಗಿ ನಾಡೆಲ್ಲ ಹರಡಿತು. ಅದನ್ನು ಮತ್ತೆ ಸಾಮಾನ್ಯ ಗಿಟಾರಿನವರು ತಮ್ಮದಾಗಿಸಿಕೊಂಡರು. 1939ರಲ್ಲಿ ಆಂಡಿ ಕರ್ಕ್‌ನ ವಾದ್ಯವೃಂದದಲ್ಲಿ ಫ್ಲಾಯ್ಡ್ ಸ್ಮಿತ್ ಎಂಬಾತ ವಿದ್ಯುತ್ ಸ್ಟೀಲಿನ ಮೇಲೆ ‘ಫ್ಲಾಯ್ಡ್ಸ್ ಗಿಟಾರ್ ಬ್ಲೂಸ್’ ನುಡಿಸಿದ. ಅದರ ಛಾಯೆಯನ್ನು 1957ರಲ್ಲಿ ಚಕ್ ಬೆರ‍್ರಿ ತನ್ನ ‘ಡೀಪ್ ಫೀಲಿಂಗ್’ ಎಂಬ ಕೃತಿಯಲ್ಲಿ ಮತ್ತೆ ಸ್ಟೀಲಿನ ಮೇಲೆಯೇ ತಂದ. ‘ಸ್ಕೂಲ್ ಡೇಸ್’ ಎಂಬ ಹಾಡಿನ ತಟ್ಟೆಯ ಹಿಂಬದಿಯಲ್ಲಿ ಅದು ಸದ್ದಿಲ್ಲದೆ ಮಲಗಿತ್ತು. ಇದಾದ ಹತ್ತು ಹನ್ನೊಂದು ವರ್ಷಗಳಿಗೆ, 1968ರಲ್ಲಿ, ಲಂಡನ್ನಿನ ಪೀಟರ್ ಗ್ರೀನ್ ಫ್ಲೀಟ್‌ವುಡ್ ಮ್ಯಾಕ್ ತಂಡದೊಡನೆ ಮುದ್ರಿಸಿದ ‘ಆಲ್ಬಟ್ರಾಸ್’ ಅನ್ನು ಈ ಎರಡರ ತರುವಾಯ ಕೇಳಿದವರಿಗೆ ಹೊಳೆಯುವುದು ಇಷ್ಟು: ಸಮುದ್ರದ ಮೇಲೆ ರೆಕ್ಕೆ ಬಡಿಯದೆ ತೇಲುವ ಆ ಹಕ್ಕಿಯ ಹೆಸರಿನ ಮಟ್ಟು, ಸ್ಟೀಲಿನ ಮನೆಯಲ್ಲಿ ಬೆಳೆದ ಹುಡುಗಿ ಬೇರೆ ಮನೆ ಸೇರಿ ಹೆಸರು ಬದಲಿಸಿಕೊಂಡಂತಿದೆ. ಅದನ್ನು ಲ್ಯಾಪ್ ಸ್ಟೀಲಿನ ಮೇಲೆ ನುಡಿಸುವವನು ಅದನ್ನು ತವರಿಗೆ ಕರೆತರುತ್ತಾನೆ.

‘ಸ್ಲೀಪ್ ವಾಕ್’ ವಿಷಯದಲ್ಲಂತೂ ವಾದಕ್ಕೆ ಎಡೆಯೇ ಇಲ್ಲ, ಏಕೆಂದರೆ ಅದು ಹುಟ್ಟಿದ್ದೇ ಸ್ಟೀಲಿನ ಮೇಲೆ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಸಾಂಟೋ ಮತ್ತು ಜಾನಿ ಫರೀನಾ ಎಂಬ ಸೋದರರ ಪೈಕಿ ಸಾಂಟೋ ಸ್ಟೀಲನ್ನೂ ಜಾನಿ ಜೊತೆಯ ಗಿಟಾರನ್ನೂ ನುಡಿಸಿದರು. ಇವರ ತಂದೆ ಯುದ್ಧಕಾಲದಲ್ಲಿ ಸೈನಿಕನಾಗಿ ಓಕ್ಲಹೋಮದಲ್ಲಿದ್ದಾಗ ಸ್ಟೀಲಿನ ನಾದವನ್ನು ಕೇಳಿ, ನಮ್ಮ ಹುಡುಗರು ಇದನ್ನು ಕಲಿಯಲೆಂದು ಮನೆಗೆ ಬರೆದನಂತೆ. 1959ರ ಸೆಪ್ಟೆಂಬರಿನಲ್ಲಿ ಈ ಮಟ್ಟು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಎರಡು ವಾರ ಮೊದಲನೆಯ ಸ್ಥಾನದಲ್ಲಿತ್ತು. ಇಂದು ಇದನ್ನು ಸಾಮಾನ್ಯ ಗಿಟಾರಿನ ಕೃತಿಯೆಂದೇ ತಿಳಿದವರು ಬಹಳ. ಆ ಗಿಟಾರಿನವರು ಎಷ್ಟೆಂದರೆ ಅಷ್ಟು ಸಲ ಇದನ್ನು ನುಡಿಸಿದ್ದಾರೆ.

ಈ ಮಟ್ಟು ಸ್ಟೀಲಿಗೆ ಎಷ್ಟು ಸಹಜವೆಂಬುದನ್ನು ಹತ್ತಿರದಿಂದ ನೋಡಬಹುದು. ಲ್ಯಾಪ್ ಸ್ಟೀಲನ್ನು ಶ್ರುತಿ ಮಾಡುವ ಕ್ರಮಗಳು ಹಲವಿವೆ. ಅವುಗಳಲ್ಲಿ ಬಹುಮಾನ್ಯವಾದುದು ಸಿ-ಸಿಕ್ಸ್ ಎಂಬುದು. ಆರು ತಂತಿಗಳನ್ನು ಮಂದ್ರದಿಂದ ಮೇಲಕ್ಕೆ ಸಿ, ಇ, ಜಿ, ಎ, ಸಿ, ಇ ಎಂದು ಕೂಡಿಸುತ್ತಾರೆ. ಸಿಯನ್ನು ಷಡ್ಜವೆಂದಿಟ್ಟುಕೊಂಡರೆ ನಮ್ಮ ಲೆಕ್ಕದಲ್ಲಿ ಅದು ಸ, ಗ, ಪ, ಧ, ಸ, ಗ ಆಗುತ್ತದೆ. ‘ಸ್ಲೀಪ್ ವಾಕ್’ ಮಟ್ಟಿನ ತಳದಲ್ಲಿ ತಿರುತಿರುಗಿ ಬರುವ ಕಾರ್ಡುಗಳು ನಾಲ್ಕು: ಸಿ ಮೇಜರ್, ಎ ಮೈನರ್, ಎಫ್ ಮೈನರ್, ಜಿ ಮೇಜರ್. ಈಗ ಬಾರನ್ನು ಹನ್ನೆರಡನೆಯ ಗೆರೆಯ ಮೇಲೆ ನೇರವಾಗಿ ಇಡಿ. ಕೆಳಗಿನ ಮೂರು ತಂತಿಗಳನ್ನು ಮೀಟಿದರೆ ಸಿ ಮೇಜರ್ ನುಡಿಯುತ್ತದೆ. ಕೈಯನ್ನು ಅಲುಗಿಸದೆ ಮೇಲಿನ ಮೂರು ತಂತಿಗಳನ್ನು ಮೀಟಿದರೆ ಎ ಮೈನರ್. ಬಾರನ್ನು ಎಂಟನೆಯ ಗೆರೆಗೆ ಜಾರಿಸಿ ಅದೇ ಮೇಲಿನ ಮೂರನ್ನು ಮೀಟಿದರೆ ಎಫ್ ಮೈನರ್. ಇನ್ನೊಂದು ಗೆರೆ ಹಿಂದೆ ಸರಿದು ಏಳನೆಯದರಲ್ಲಿ ಕೆಳಗಿನ ಮೂರನ್ನು ಮೀಟಿದರೆ ಜಿ ಮೇಜರ್. ಹನ್ನೆರಡು, ಹನ್ನೆರಡು, ಎಂಟು, ಏಳು: ಇಷ್ಟೇ ಸಂಚಾರ, ಬಾರ್ ಒಂದು ಸಲವೂ ಓರೆಯಾಗಬೇಕಾದುದಿಲ್ಲ. ಮಟ್ಟಿನ ಆ ಪ್ರಸಿದ್ಧವಾದ ಖಿನ್ನತೆ ಇರುವುದೆಲ್ಲ ಮೂರನೆಯ ಕಾರ್ಡಿನಲ್ಲಿ. ಮೇಜರನ್ನು ನಿರೀಕ್ಷಿಸುತ್ತಿದ್ದ ಕಿವಿಗೆ ಅಲ್ಲಿ ಮೈನರ್ ಬಂದು ಧೈವತವು ಅರ್ಧಸ್ವರದಷ್ಟು ಕುಗ್ಗುತ್ತದೆ. ಹನ್ನೆರಡರಿಂದ ಎಂಟಕ್ಕೆ ಇಳಿಯುವ ದಾರಿಯಲ್ಲಿಯೇ ಸ್ಟೀಲು ಆ ಕುಗ್ಗುವಿಕೆಯನ್ನು ಕೇಳಿಸಬಲ್ಲದು; ಒತ್ತಿ ನುಡಿಸುವ ಗಿಟಾರು ಕೈಯೆತ್ತಿ ಬೇರೆಡೆ ಇಡಬೇಕು.

ಹಾಗೆಂದು ಸಿಕ್ಕಿದ ಎಡೆಯಲ್ಲೆಲ್ಲ ಜಾರಿಸುತ್ತ ಹೋಗುವುದು ಮಹಾದೋಷ. ಸ್ಟೀಲು ಕಲಿತ ಹೊಸತರಲ್ಲಿ ಎಲ್ಲರಿಗೂ ಈ ಚಾಪಲ್ಯವಿರುತ್ತದೆ, ಮತ್ತು ಕೇಳುವವರ ದೌರ್ಭಾಗ್ಯವೆಂದರೆ ಕೆಲವರಲ್ಲಿ ಅದು ಕೊನೆಯವರೆಗೂ ಉಳಿಯುತ್ತದೆ. ಬಾರ್ ಸರಿಯುವಾಗ ಬಲ ಅಂಗೈಯ ಅಂಚನ್ನು ತಂತಿಗಳ ಮೇಲೆ ಮೆಲ್ಲನೆ ಇಟ್ಟು ನಾದವನ್ನು ಕತ್ತರಿಸುವುದು ಈ ವಾದ್ಯದ ಅತ್ಯಂತ ಕಷ್ಟವಾದ, ಅತ್ಯಂತ ಕಡಿಮೆ ಪ್ರಶಂಸೆ ಪಡೆಯುವ ವಿದ್ಯೆ. ಯಾವ ಸ್ವರಕ್ಕೆ ಜಾರಿ ಹೋಗಬೇಕು, ಯಾವುದನ್ನು ಹಾರಿ ಮುಟ್ಟಬೇಕು ಎಂಬ ವಿವೇಚನೆಯಲ್ಲಿಯೇ ವಾದಕನ ಅಭಿರುಚಿ ಗೊತ್ತಾಗುವುದು.

ಶ್ರುತಿಯ ಮಾತು ಬಂದುದರಿಂದ ಒಂದು ಆಕ್ಷೇಪವನ್ನು ಇಲ್ಲಿಯೇ ಎತ್ತಿಕೊಳ್ಳುತ್ತೇನೆ. ಗಿಟಾರಿನ ಕೃತಿಗಳನ್ನು ನುಡಿಸಬೇಕಾದರೆ ಲ್ಯಾಪ್ ಸ್ಟೀಲನ್ನೂ ಗಿಟಾರಿನಂತೆಯೇ ಇ, ಎ, ಡಿ, ಜಿ, ಬಿ, ಇ ಎಂದು ಕೂಡಿಸಿಕೊಳ್ಳಬಾರದೇಕೆ, ಹಳೆಯ ಕೈಗುರುತುಗಳೆಲ್ಲ ಹಾಗೆಯೇ ಒದಗುವುವಲ್ಲ ಎಂದು ಕೇಳುವವರಿದ್ದಾರೆ. ಒದಗುವುದು ಒಂಟಿ ಸ್ವರಗಳ ಗುರುತು ಮಾತ್ರ. ಕಾರ್ಡುಗಳ ಗುರುತು ಬೆರಳುಗಳಿಗೆ ಸೇರಿದ್ದು, ಬಾರಿಗೆ ಅದು ನಿರುಪಯೋಗಿ. ಆದರೆ ಈ ಪ್ರಶ್ನೆ ಮೇಲುನೋಟಕ್ಕೆ ಕಂಡಷ್ಟು ಅವಿವೇಕದ್ದೂ ಅಲ್ಲ. ಗಿಟಾರಿನ ಮೇಲಿನ ನಾಲ್ಕು ತಂತಿಗಳಾದ ಡಿ, ಜಿ, ಬಿ, ಇ ಎಂಬುವು ತಾವಾಗಿಯೇ ಜಿ-ಸಿಕ್ಸ್ ಕಾರ್ಡಾಗಿವೆ. ಅತಿ ಮಂದ್ರದ ಇ ಕೂಡ ಅದಕ್ಕೆ ಹೊಂದುತ್ತದೆ. ಹೊಂದದೆ ನಿಲ್ಲುವುದು ಎ ತಂತಿ ಒಂದೇ. ಅದರ ಬಿರಡೆಯನ್ನು ಸಡಿಲಿಸಿ ಒಂದು ಪೂರ್ಣಸ್ವರ ಇಳಿಸಿ ಜಿ ಮಾಡಿಕೊಂಡರೆ ಇಡೀ ವಾದ್ಯವು ಬಾರಿಗೆ ಅನುಕೂಲವಾಗಿ ಬಿಡುತ್ತದೆ. ಗಿಟಾರನ್ನು ಬಲ್ಲವನು ಸ್ಟೀಲಿನ ಕಡೆಗೆ ಬರುವುದಕ್ಕೆ ಇದಕ್ಕಿಂತ ಸುಲಭವಾದ ಮೆಟ್ಟಿಲನ್ನು ನಾನು ಕಾಣೆ.

ಇನ್ನು ‘ಅಪಾಚೆ’. ಜೆರ‍್ರಿ ಲಾರ್ಡನ್ ಎಂಬ ಇಂಗ್ಲಿಷ್ ಗೀತಕಾರನು 1954ರಲ್ಲಿ ತೆರೆಕಂಡ ಅದೇ ಹೆಸರಿನ ಅಮೆರಿಕನ್ ಚಲಚ್ಚಿತ್ರದಿಂದ ಪ್ರೇರಿತನಾಗಿ ಇದನ್ನು ರಚಿಸಿದ. ಬರ್ಟ್ ವೀಡನ್ ಎಂಬ ಗಿಟಾರ್ ವಾದಕನು ಮೊದಲು ಮುದ್ರಿಸಿದ ರೀತಿ ರಚಿಸಿದವನ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಪ್ರವಾಸದ ಬಸ್ಸಿನಲ್ಲಿ ಜೊತೆಗಿದ್ದ ಷ್ಯಾಡೋಸ್ ತಂಡದವರಿಗೆ ಲಾರ್ಡನ್ ಈ ಮಟ್ಟನ್ನು ಕೇಳಿಸಿದ್ದು ಯುಕುಲೇಲೆಯ ಮೇಲೆ. ಹವಾಯಿಯ ನೆಲದಲ್ಲಿ ಬೆಳೆದು ಹೆಸರು ಪಡೆದ ಆ ನಾಲ್ಕು ತಂತಿಯ ಪುಟ್ಟ ವಾದ್ಯದ ಮೇಲೆ. 1960ರಲ್ಲಿ ಅವರು ಮುದ್ರಿಸಿದ ‘ಅಪಾಚೆ’ ಇಂಗ್ಲೆಂಡಿನಲ್ಲಿ ಐದು ವಾರ ಅಗ್ರಸ್ಥಾನದಲ್ಲಿ ನಿಂತಿತು. ತಂಡದ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್‌ನ ಕೈಯಲ್ಲಿದ್ದದ್ದು, ಗಾಯಕ ಕ್ಲಿಫ್ ರಿಚರ್ಡ್ ಅಮೆರಿಕದಿಂದ ತರಿಸಿದ್ದ ಸ್ಟ್ರಾಟೋಕಾಸ್ಟರ್. ನಾದವನ್ನು ಮರುನುಡಿಸಿ ಹಿಗ್ಗಿಸುತ್ತಿದ್ದುದು ಇಟಲಿಯ ಪ್ರತಿಧ್ವನಿ ಯಂತ್ರ. ಆರಂಭದಲ್ಲಿಯೂ ಕೊನೆಯಲ್ಲಿಯೂ ಕೇಳುವ ಚೀನೀ ಡೋಲನ್ನು ಬಡಿದವನು ಸ್ವತಃ ಕ್ಲಿಫ್ ರಿಚರ್ಡನೇ. ಒಂದು ಮಟ್ಟು ರಚಿಸಿದವನ ಮನಸ್ಸಿನಿಂದ ಯುಕುಲೇಲೆಗೂ, ಯುಕುಲೇಲೆಯಿಂದ ವಿದ್ಯುತ್ ಗಿಟಾರಿಗೂ ಬಂದು, ಪ್ರತಿಯೊಂದು ಹಂತದಲ್ಲಿಯೂ ಬೇರೆಯಾಗಿ ಬೆಳೆದಿರುವಾಗ, ಸ್ಟೀಲಿಗೆ ಬಂದ ಮೇಲೆ ಮಾತ್ರ ಅದು ಹೆಪ್ಪುಗಟ್ಟಿ ನಿಲ್ಲಬೇಕೆಂಬ ನಿಯಮ ಎಲ್ಲಿಯದು?

ಮಾರ್ವಿನ್‌ನ ವಾದನದಲ್ಲಿ ಎರಡು ಅಂಶಗಳಿವೆ. ಉದ್ದವಾಗಿ ನಿಂತು, ಕೀಲಿಗೋಲಿನ ಸ್ಪರ್ಶದಿಂದ ಕೊನೆಯಲ್ಲಿ ಒಂದಿಷ್ಟು ಬಾಗುವ ಸ್ವರಗಳು ಒಂದು. ತಂತಿಯನ್ನು ಅಂಗೈಯಿಂದ ಅದುಮಿ ಕುದುರೆಯ ಓಟದಂತೆ ನುಡಿಸುವ ಚುಟುಕಾದ ಸ್ವರಗಳು ಮತ್ತೊಂದು. ಮೊದಲನೆಯದರಲ್ಲಿ ಸ್ಟೀಲು ಮಾರ್ವಿನ್‌ನನ್ನೂ ಮೀರಿಸಬಲ್ಲದು, ಏಕೆಂದರೆ ಅಲ್ಲಿ ಅವನೇ ಸ್ಟೀಲನ್ನು ಅರಸುತ್ತಿದ್ದಾನೆ. ಎರಡನೆಯದರಲ್ಲಿ ಅದು ಸೋಲುತ್ತದೆ. ಬೆರಳನ್ನು ತಂತಿಯ ಮೇಲೆ ಕುಟ್ಟಿ ಎಳೆದು ಸ್ವರಗಳನ್ನು ಉದುರಿಸುವ ಉಪಾಯವು ಬಾರಿಗೆ ಸಾಮಾನ್ಯವಾಗಿ ಸಾಧ್ಯವಿಲ್ಲ. ಪ್ರತಿಯೊಂದು ಸ್ವರಕ್ಕೂ ಬಾರ್ ಪಯಣ ಮಾಡಬೇಕು, ಪ್ರತಿಯೊಂದು ಪಯಣವನ್ನೂ ಅಂಗೈ ಮುಚ್ಚಬೇಕು. ಸೋಲುವ ಭಾಗಗಳನ್ನು ಜೊತೆಯ ಗಿಟಾರಿಗೋ ಡೋಲಿಗೋ ಬಿಟ್ಟುಕೊಟ್ಟು, ಉದ್ದ ಸ್ವರಗಳನ್ನಷ್ಟೇ ತಾನು ಇಟ್ಟುಕೊಂಡು, ನಡೆಯನ್ನು ಒಂದಿಷ್ಟು ನಿಧಾನಿಸುವವನು ‘ಅಪಾಚೆ’ಗೆ ಯಾವ ಅಪಚಾರವನ್ನೂ ಮಾಡುವುದಿಲ್ಲ.

ಅನುಕರಣವಾದಿಗಳಿಗೆ ‘ವಾಕ್, ಡೋಂಟ್ ರನ್’ ಚರಿತ್ರೆಯನ್ನು ಓದಿಸಬೇಕು. ಜಾನಿ ಸ್ಮಿತ್ ಎಂಬ ಜಾಝ್ ವಾದಕನು 1954ರಲ್ಲಿ ಅದನ್ನು ರಚಿಸಿದಾಗ ಅದು ಸೂಕ್ಷ್ಮವಾದ ನೇಯ್ಗೆಯ ಸಂಗೀತವಾಗಿತ್ತು. 1957ರಲ್ಲಿ ಚೆಟ್ ಆಟ್ಕಿನ್ಸ್ ಅದನ್ನು ತನ್ನ ಬೆರಳ ಮೀಟಿನ ಕ್ರಮಕ್ಕೆ ಅಳವಡಿಸಿದ. ಆಟ್ಕಿನ್ಸ್‌ನ ತಟ್ಟೆಯನ್ನು ಕೇಳಿ ಕಲಿತ ವೆಂಚರ್ಸ್ ತಂಡದ ಹುಡುಗರಿಗೆ ಅವನಂತೆ ನುಡಿಸುವ ಶಕ್ತಿಯಿರಲಿಲ್ಲವಾಗಿ, ತಮಗೆ ಕೈಲಾದಷ್ಟನ್ನು ಉಳಿಸಿಕೊಂಡು ತಮ್ಮದೇ ಹುರುಪಿನಲ್ಲಿ ನುಡಿಸಿದರು; 1960ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿದ್ದು ಆ ಸರಳೀಕೃತ ರೂಪ. ಅಶಕ್ತಿಯೇ ಅಲ್ಲಿ ಶೈಲಿಯಾಯಿತು. ಇಂದು ಲ್ಯಾಪ್ ಸ್ಟೀಲಿನ ಹವ್ಯಾಸಿಯು ಆ ಹುಡುಗರ ಸರಳೀಕರಣವನ್ನು ಶಾಸ್ತ್ರವಾಕ್ಯವೆಂಬಂತೆ ಅಕ್ಷರಶಃ ಪಾಲಿಸುತ್ತಿರುವುದನ್ನು ನೋಡಿದರೆ ನಗು ಬರುತ್ತದೆ.

ಅನುಕರಣದಿಂದ ಕಲಿಯುವುದೇ ಇಲ್ಲವೆ ಎಂದರೆ, ಕಲಿಯಬಹುದು. ಗುರುವಿನ ಹಿಂದೆ ಹಾಗೆ ಹಾಗೆಯೇ ಹೇಳಿ ಒಪ್ಪಿಸುವ ಪದ್ಧತಿಯಲ್ಲಿ ಬೆಳೆದ ನಾವು ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಮ್ಮಲ್ಲಿ ವೈಣಿಕನು ಕೃತಿಯನ್ನು ಕಲಿಯುವುದು ಮತ್ತೊಬ್ಬ ವೈಣಿಕನ ಬೆರಳಿನಿಂದ ಮಾತ್ರವಲ್ಲ, ಹಾಡಿನಿಂದ. ಸಾಹಿತ್ಯವು ಅವನ ಮನಸ್ಸಿನಲ್ಲಿ ನಡೆಯುತ್ತಿರುತ್ತದೆ, ಮೀಟು ಅದರ ಅಕ್ಷರಗಳನ್ನು ಹಿಂಬಾಲಿಸುತ್ತದೆ. ಗೋಟುವಾದ್ಯದಲ್ಲಂತೂ, ಚಿತ್ರವೀಣೆಯೆಂದೂ ಕರೆಯುತ್ತಾರೆ, ಇದು ಇನ್ನೂ ಸ್ಪಷ್ಟ. ಮೆಟ್ಟಿಲುಗಳೇ ಇಲ್ಲದ, ಇಪ್ಪತ್ತೊಂದು ತಂತಿಗಳ ಆ ವಾದ್ಯವನ್ನು ಕರಿಮರದ ನುಣುಪಾದ ತುಂಡೊಂದನ್ನು ಜಾರಿಸಿ ನುಡಿಸುತ್ತಾರೆ. ತಿರುವಿಡೈಮರುದೂರಿನ ಸಖಾರಾಮರಾಯರು ಅದನ್ನು ಕಛೇರಿಯ ವೇದಿಕೆಗೆ ತಂದರು. ಹಳೆಯ ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರಾಗಿದ್ದ ನಾರಾಯಣ ಅಯ್ಯಂಗಾರ್ಯರು ಅದಕ್ಕೆ ಪ್ರತಿಷ್ಠೆಯನ್ನು ತಂದರು. ಉಕ್ಕಾಗಲಿ ಮರವಾಗಲಿ, ಜಾರುವ ತುಂಡಿನಿಂದ ತಂತಿಯನ್ನು ಹಾಡಿಸುವ ಶಾಸ್ತ್ರವು ನಮ್ಮ ನೆಲಕ್ಕೆ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು.

ಈ ಕಾರಣದಿಂದಲೇ ಇರಬೇಕು, ಹವಾಯಿಯ ಗಿಟಾರು ಭಾರತಕ್ಕೆ ಬಂದಾಗ ಅದಕ್ಕೆ ಅಪರಿಚಿತರ ಮನೆಗೆ ಬಂದಂತಾಗಲಿಲ್ಲ. 1940ರ ದಶಕದಲ್ಲಿ ಟೌ ಮೋ ಎಂಬ ವಾದಕನು ಸಂಸಾರಸಮೇತನಾಗಿ ಕಲ್ಕತ್ತೆಯಲ್ಲಿ ನೆಲೆಸಿ ನುಡಿಸುತ್ತಿದ್ದ. ತರುವಾಯ ಜೋಧಪುರದ ಬೃಜಭೂಷಣ ಕಾಬ್ರಾ ಅವರು ಅಲಿ ಅಕ್ಬರ್ ಖಾನರಲ್ಲಿ ಕಲಿತು ಅದರ ಮೇಲೆ ರಾಗಾಲಾಪನೆ ಮಾಡಿದರು. ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾರೊಡನೆ ಅವರು 1967ರಲ್ಲಿ ಮುದ್ರಿಸಿದ ‘ಕಾ‍ಲ್ ಆಫ್ ದಿ ವ್ಯಾಲಿ’ಯನ್ನು ಇಂದಿಗೂ ಕೇಳುವವರಿದ್ದಾರೆ. ಹಜಾರಾ ಸಿಂಗ್, ಸುನೀಲ್ ಗಂಗೂಲಿ ಮುಂತಾದವರು ಚಿತ್ರಗೀತೆಗಳನ್ನು ಇದೇ ವಾದ್ಯದ ಮೇಲೆ ನುಡಿಸಿ ಮನೆಮನೆಗೂ ಮುಟ್ಟಿಸಿದರು. ಪಂಡಿತರು ಇವರನ್ನು ಲಘುವಾಗಿ ಕಂಡರೆನ್ನಿ. ನನಗೆ ಇವರಲ್ಲಿ ಗೌರವವಿದೆ. ಹಾಡಿನ ಮಾತು ಎಲ್ಲಿ ಮುಗಿಯುತ್ತದೆ, ಗಾಯಕಿ ಎಲ್ಲಿ ಉಸಿರೆಳೆಯುತ್ತಾಳೆ ಎಂಬುದನ್ನು ಅವರು ತಿಳಿದಿದ್ದರು. ಅವರ ಬಾರೂ ಅಲ್ಲಿಯೇ ನಿಲ್ಲುತ್ತಿತ್ತು. ಗಿಟಾರ್ ಕೃತಿಗಳಿಗೆ ಮಾತಿಲ್ಲ, ಆದುದರಿಂದ ಉಸಿರೂ ಇಲ್ಲವೆಂದು ತಿಳಿಯುವವರೇ ಯಾಂತ್ರಿಕವಾಗಿ ನುಡಿಸುವವರು. ‘ಆಲ್ಬಟ್ರಾಸ್’ಗೆ ಒಂದು ಸುಳ್ಳು ಸಾಹಿತ್ಯವನ್ನಾದರೂ ಕಟ್ಟಿಕೊಂಡು ಹಾಡಿನೋಡಿ, ಉಸಿರು ಎಲ್ಲಿದೆಯೆಂಬುದು ತಾನೇ ಗೊತ್ತಾಗುತ್ತದೆ.

ಶ್ರುತಿಶುದ್ಧಿಯ ವಿಷಯವೂ ಇದಕ್ಕೆ ಸೇರಿದ್ದು. 22.5 ಅಂಗುಲದ ತಂತಿಯುದ್ದವುಳ್ಳ ಸ್ಟೀಲಿನಲ್ಲಿ ಮೊದಲನೆಯ ಗೆರೆಯು ಕುದುರೆಯ ಎದುರು ತುದಿಯಿಂದ ಸುಮಾರು 32 ಮಿಲಿಮೀಟರ್ ದೂರದಲ್ಲಿದೆ. ಹನ್ನೆರಡನೆಯದಕ್ಕೂ ಹದಿಮೂರನೆಯದಕ್ಕೂ ನಡುವಣ ಅಂತರ 16 ಮಿಲಿಮೀಟರ್ ಮಾತ್ರ. ಅಲ್ಲಿ ಬಾರ್ ಎಂಟು ಮಿಲಿಮೀಟರಿನಷ್ಟು ತಪ್ಪಿ ಕುಳಿತರೆ ಸ್ವರವು ಕಾಲು ಸ್ವರದಷ್ಟು ಕೆಡುತ್ತದೆ. ಅದರ ನಾಲ್ಕನೆಯ ಒಂದು ಭಾಗದಷ್ಟು ತಪ್ಪಿದರೂ ಒಳ್ಳೆಯ ಕಿವಿ ಮುಖ ಸಿಂಡರಿಸುತ್ತದೆ. ಈ ತಪ್ಪನ್ನು ಮುಚ್ಚಲು ಕೈಯನ್ನು ಸದಾ ನಡುಗಿಸುತ್ತಿರುವ ಅಭ್ಯಾಸವೊಂದು ಬಹಳ ಹರಡಿದೆ. ಕಂಪನವು ನಿಂತ ಸ್ವರಕ್ಕೆ ಜೀವ ಕೊಡಬೇಕು. ನಿಲ್ಲಲಾರದ ಸ್ವರಕ್ಕೆ ಹೊದಿಕೆಯಾಗಬಾರದು. ಪ್ರತಿಧ್ವನಿ ಯಂತ್ರವನ್ನು ಧಾರಾಳವಾಗಿ ಸುರಿಯುವವರಿಗೂ ಇದೇ ಮಾತು ಸಲ್ಲುತ್ತದೆ.

ಕೊನೆಗೆ ವೇಗದ ಮಟ್ಟುಗಳ ಪ್ರಶ್ನೆ. ಅವನ್ನು ಸ್ಟೀಲಿನವರು ಮುಟ್ಟಲೇಬಾರದೆಂದು ನಾನು ಹೇಳುವುದಿಲ್ಲ. ವೇಗವನ್ನು ಬಿಟ್ಟು ಮುಟ್ಟಲಿ ಎನ್ನುತ್ತೇನೆ. ಇದಕ್ಕೆ ‘ಮಿಸಿರ‍್ಲೂ’ ಎಂಬುದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1962ರಲ್ಲಿ ಕ್ಯಾಲಿಫೋರ್ನಿಯದ ಡಿಕ್ ಡೇಲ್ ಇದನ್ನು ಬಿರುಗಾಳಿಯಂತೆ ಮೀಟಿ, ಬಹುತೇಕ ಒಂದೇ ತಂತಿಯ ಮೇಲೆ ಓಡಿಸಿ ಪ್ರಸಿದ್ಧಗೊಳಿಸಿದ. ಮೂಲದಲ್ಲಿ ಅದು ಪೂರ್ವ ಮೆಡಿಟರೇನಿಯನ್ ಸೀಮೆಯ ಒಂದು ನಿಧಾನಗತಿಯ ಗೀತೆ. 1920ರ ದಶಕದಲ್ಲಿಯೇ ಗ್ರೀಕ್ ಭಾಷೆಯಲ್ಲಿ ಮುದ್ರಿತವಾಗಿತ್ತು. ಅದು ಸಂಚರಿಸುವ ಸ್ವರಶ್ರೇಣಿಯಾದರೋ ಪುರಂದರದಾಸರ ಕಾಲದಿಂದ ನಮ್ಮ ಮಕ್ಕಳು ಸರಳೆವರಸೆಯನ್ನು ಕಲಿಯುತ್ತ ಬಂದಿರುವ ಮಾಯಾಮಾಳವಗೌಳದ್ದೇ. ಕನ್ನಡನಾಡಿನಲ್ಲಿ ಲ್ಯಾಪ್ ಸ್ಟೀಲನ್ನು ತೊಡೆಯ ಮೇಲಿಟ್ಟುಕೊಂಡವನಿಗೆ ಡಿಕ್ ಡೇಲ್‌ನ ಓಟವನ್ನು ಬೆನ್ನಟ್ಟುವ ಅಗತ್ಯವೇನಿದೆ? ಒಂದು ತಂತಿಯನ್ನು ಷಡ್ಜವಾಗಿ ಬಿಡಲಿ. ಮೊದಲನೆಯ ಗೆರೆಯಲ್ಲಿ ಶುದ್ಧ ರಿಷಭ, ನಾಲ್ಕರಲ್ಲಿ ಅಂತರ ಗಾಂಧಾರ, ಐದರಲ್ಲಿ ಮಧ್ಯಮ, ಏಳರಲ್ಲಿ ಪಂಚಮ, ಎಂಟರಲ್ಲಿ ಶುದ್ಧ ಧೈವತ, ಹನ್ನೊಂದರಲ್ಲಿ ಕಾಕಲಿ ನಿಷಾದ, ಹನ್ನೆರಡರಲ್ಲಿ ಮೇಲಿನ ಷಡ್ಜ. ರಿಷಭದಿಂದ ಗಾಂಧಾರಕ್ಕೂ ಧೈವತದಿಂದ ನಿಷಾದಕ್ಕೂ ಇರುವ ಮೂರು ಮೂರು ಗೆರೆಗಳ ಆ ಅಗಲವಾದ ಕಂದಕಗಳನ್ನು ಬಾರ್ ಯಾವಾಗ ಜಾರಿ ದಾಟಬೇಕು, ಯಾವಾಗ ಹಾರಿ ದಾಟಬೇಕೆಂಬುದನ್ನು ಸರಳೆವರಸೆ ಹಾಡಿದ ಅವನ ಕಂಠವೇ ಹೇಳಿಕೊಡುತ್ತದೆ. ಡೇಲ್‌ನ ತಟ್ಟೆಯನ್ನು ಆಮೇಲೆ ಹಾಕಿ ಕೇಳಿದರೂ ಆದೀತು.